ಕಡಲು ಸಪ್ಪಗಾದ ಸುದ್ದಿ

ನನ್ನ ಅಕ್ಕ ಯಮನಮ್ಮನಿಗೆ ಸಿಟ್ಟೇ ಬರುವುದಿಲ್ಲ ಎಂದು ಎಮ್ಮಿಗನೂರಿನಲ್ಲಿ ಎಲ್ಲರೂ ಹೊಗಳುತ್ತಾರೆ. ಇದೊಂದು ಹೊಗಳಿಕೆಯೇ? ನಲವತ್ತು ವರ್ಷ ಕಂಡವರ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕಿದ್ದಾಳೆ, ಒಬ್ಬರಿಗೂ ಎದುರು ಮಾತಾಡಿಲ್ಲ, ಅದಕ್ಕೇ ಒಳ್ಳೆಯವಳು. ಅವಳ ಪಾಲಿನ ಸಿಟ್ಟೂ ನನಗೇ ಬಂದಿದೆ ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಬಂದಿರಲಿ. ನಾನು ದುರುಗೇಶ್, ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ವಡ್ಡು ಎಂಬ ಊರಿನ ಕಡೆಯ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತೇನೆ. ಅಕ್ಕನ ಕಥೆಯನ್ನು ತಣ್ಣಗೆ ಕೂತು ಹೇಳುವುದು ನನ್ನಿಂದಾಗದ ಕೆಲಸ. ತಣ್ಣಗೆ ಕೇಳಬೇಕೆನ್ನುವವರು ಬೇರೆ ಯಾರ ಬಾಯಲ್ಲಾದರೂ ಕೇಳಿಕೊಳ್ಳಲಿ.

ಅಕ್ಕನಿಗೆ ಒಬ್ಬಳೇ ಮಗಳು, ಸುಧಾರಾಣಿ. ಭಾವ ತೀರಿಕೊಂಡಾಗ ಅವಳಿನ್ನೂ ಹೈಸ್ಕೂಲು. ಕಾಲೇಜಿಗೆ ನಮ್ಮ ಮನೆಯಿಂದಲೇ ಹೋದಳು. ಫಿಸಿಕ್ಸ್ ಓದಿದಳು, ಆಮೇಲೆ ಸಮುದ್ರದ ಓದು ಅಂತ ಮಂಗಳೂರಿಗೆ ಹೋದಳು, ಈಗ ಸಮುದ್ರ ಸಂಶೋಧನೆಯ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಹಡಗು ಹತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ, ಒಂದು ಯಂತ್ರವನ್ನು ನೀರಿಗಿಳಿಸಿ ಯಾವ ಆಳದಲ್ಲಿ ಎಷ್ಟು ಉಪ್ಪಿದೆ, ಎಷ್ಟು ಬಿಸಿಯಿದೆ ಎಂದು ನೋಡುತ್ತಾಳೆ. ಉಪ್ಪು ನೋಡುವುದಕ್ಕೆ ಹಡಗು ಯಾಕೆ, ನಾಲಿಗೆ ಸಾಲದೇ ಎಂದು ಅಕ್ಕ ಕೇಳಿದಾಗ ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು.

ನಗು ಮುಗಿದ ಮೇಲೆ ನಮ್ಮ ಅಡುಗೆಮನೆಯಲ್ಲೇ ಪಾಠ ಮಾಡಿದಳು. ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ಕದಡಿಟ್ಟಳು. ಅರಿಶಿನ ಬೆರೆಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನಕ್ಕೆ ಬಿಟ್ಟಳು. ಹಳದಿ ನೀರು ಕೆಳಗಿಳಿಯಲೇ ಇಲ್ಲ, ಹಾಲಿನ ಮೇಲಿನ ಕೆನೆಯ ಹಾಗೆ ಮೇಲೆಯೇ ನಿಂತಿತು. ಸಮುದ್ರದ ಮೇಲೆ ಜೋರು ಮಳೆಯಾದರೂ ಹೀಗೇ ಆಗುತ್ತದಂತೆ. ಮಳೆನೀರು ಹಗುರ, ಮೇಲೆಯೇ ಹರಡಿಕೊಳ್ಳುತ್ತದೆ, ಮೇಲಿನ ನೀರು ಸಪ್ಪಗಾಗುತ್ತದೆ. ಆ ತೆಳು ಪದರ ಕೆಳಗಿನ ತಣ್ಣೀರಿನ ಜೊತೆ ಬೇಗ ಬೆರೆಯುವುದಿಲ್ಲ, ಹಾಗಾಗಿ ಬಿಸಿಲು ಬಿದ್ದರೆ ಜಲ್ದಿ ಕಾಯುತ್ತದೆ. ಕಾದ ನೀರು ಮುಂದೆ ಬರುವ ಮೋಡಕ್ಕೆ ಮೇವು.

ಮೋಡವೂ ಸುಮ್ಮನೆ ಬರುವುದಿಲ್ಲವಂತೆ. ಆಫ್ರಿಕಾದ ಈಚೆ ಬದಿಯಲ್ಲಿ ಹಿಂದೂ ಮಹಾಸಾಗರದ ಮೇಲೆ ಮೋಡಗಳದೊಂದು ದೊಡ್ಡ ಹಿಂಡು ಎದ್ದು ಪೂರ್ವಕ್ಕೆ ನಡೆಯುತ್ತದೆ. ಹೆಚ್ಚುಕಡಿಮೆ ತಿಂಗಳು, ಎರಡು ತಿಂಗಳಿಗೊಮ್ಮೆ ಮತ್ತೊಂದು ಹಿಂಡು ಏಳುತ್ತದೆ. ಅದಕ್ಕೆ ಮ್ಯಾಡನ್–ಜೂಲಿಯನ್ ಆಂದೋಲನ ಎಂದು ಹೆಸರು. ಹಿಂಡು ನಮ್ಮ ಸಮುದ್ರದ ಮೇಲಿದ್ದಾಗ ಮಳೆ, ವಾಯುಭಾರ ಕುಸಿತ, ಚಂಡಮಾರುತ ಎಲ್ಲಕ್ಕೂ ಕುಮ್ಮಕ್ಕು. ದಾಟಿ ಹೋದ ಮೇಲೆ ಕೆಲವು ವಾರ ಒಣ ಹವೆ. ನಮ್ಮ ಕಡೆ ಕುರಿ ಹಿಂಡು ಹೊಲಕ್ಕಿಳಿದು ಮೇಯ್ದು ಮುಂದಿನೂರಿಗೆ ಹೋಗುತ್ತದಲ್ಲ, ಹಾಗೆ ಎಂದು ಅಕ್ಕನಿಗೆ ತಿಳಿಸಿದಳು. ಅಕ್ಕನಿಗೆ ಅಷ್ಟು ಸಾಕಾಯಿತು. ನನಗೆ ಜಂಭ ಹತ್ತಿತು. ಹಾಗಾದರೆ ನಮ್ಮ ತುಂಗಭದ್ರಾ ಡ್ಯಾಮಿನ ನೀರೂ ಕೃಷ್ಣೆ ಸೇರಿ ಆ ಕಡಲನ್ನು ಸಪ್ಪಗೆ ಮಾಡುತ್ತದೆ ಎಂದೆ. ನಮ್ಮದು ಬರೀ ಚಿಟಿಕೆ ಮಾಮ, ಹೆಚ್ಚಿನದೆಲ್ಲ ಗಂಗೆ, ಬ್ರಹ್ಮಪುತ್ರೆ ಮತ್ತು ಮಳೆಯದೇ ಎಂದು ಹೇಳಿ ನನ್ನ ಗಾಳಿ ತೆಗೆದಳು.

ಆ ವರ್ಷ ಅಕ್ಕ ಮೊದಲ ಸಲ ಕೂಲಿ ಬಿಟ್ಟು ಸ್ವಂತ ಬೇಸಾಯಕ್ಕೆ ಇಳಿದಿದ್ದಳು. ಮೊಣಕಾಲು ನೋವಿನ ಗುಡ್ಡಪ್ಪ ತನ್ನ ಎರಡೆಕರೆಯನ್ನು ಪಾಲಿಗೆ ಕೊಟ್ಟಿದ್ದ. ಸೋನಾ ಮಸೂರಿ ಹಾಕಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ಅಷ್ಟು ವರ್ಷ ಊರಿಗೆಲ್ಲ ಭತ್ತ ಬೆಳೆದುಕೊಟ್ಟು ಅಂಗಡಿಯ ಅಕ್ಕಿ ತಿಂದವಳು, ಈ ಸಲ ತಾನು ಬೆಳೆದ ಅಕ್ಕಿಯಲ್ಲಿ ಪಾಯಸ ಮಾಡಿ ನಮ್ಮ ಕೇರಿಯ ಬುದ್ಧನ ಭವನಕ್ಕೆ ಒಯ್ಯಬೇಕು, ಮಗಳ ಜೊತೆ ಕೂತು ಉಣ್ಣಬೇಕು. ಇಷ್ಟೇ. ಯಾರ ಗಂಟು ಹೋಗುತ್ತಿತ್ತು ಇದರಲ್ಲಿ?

ಗುಡ್ಡಪ್ಪನ ಹೊಲಕ್ಕೆ ದಾರಿಯಿಲ್ಲ. ಕಾಲುವೆ ರಸ್ತೆಗೆ ಹತ್ತಿ ಕೊಟ್ರಯ್ಯನ ಗದ್ದೆ, ಅದರ ಹಿಂದೆ ಇದು. ಕೊಟ್ರಯ್ಯನಿಗೆ ಊರಲ್ಲಿ ಅಕ್ಕಿ ಗಿರಣಿಯಿದೆ, ನಾಲ್ಕು ಕಡೆ ಗದ್ದೆಯಿದೆ. ಭತ್ತ ಕೊಯ್ಯುವ ಯಂತ್ರ ಹಿಂದಿನ ಹೊಲಕ್ಕೆ ಹೋಗಬೇಕಾದರೆ ಮುಂದಿನ ಹೊಲ ಮೊದಲು ಕೊಯ್ಲಾಗಬೇಕು. ಆದಕಾರಣ ನಮ್ಮಲ್ಲಿ ಒಂದು ರೂಢಿಯಿದೆ. ಮುಂದಿನವರದು ಮುಗಿದ ಕೂಡಲೇ ಯಂತ್ರ ತಿರುಗದೆ ಹಿಂದಿನವರದನ್ನೂ ಕೊಯ್ದೇ ರಸ್ತೆಗೆ ಬರಬೇಕು. ಇದಕ್ಕೆ ಸರತಿ ಅನ್ನುತ್ತಾರೆ. ಯಾರೂ ಬರೆದಿಟ್ಟದ್ದಲ್ಲ, ಆದರೆ ಜಗಳವಾಡಿದ ಅಣ್ಣತಮ್ಮಂದಿರೂ ಇದನ್ನು ಮೀರುವುದಿಲ್ಲ.

ನವೆಂಬರಿನಲ್ಲಿ ತೆನೆ ಬಾಗಿ ಹಳದಿ ತಿರುಗುತ್ತಿತ್ತು. ಆಕಾಶದಲ್ಲಿ ಮೋಡದ ಚೂರಿಲ್ಲ. ಆಗ ಸುಧಾರಾಣಿ ಹಡಗಿನಲ್ಲಿದ್ದಳು. ಅಕ್ಕನದು ಗುಂಡಿ ಒತ್ತುವ ಫೋನು, ಹಾಗಾಗಿ ಮಗಳ ಧ್ವನಿಸಂದೇಶ ನನ್ನ ಮೊಬೈಲಿಗೆ ಬಂತು. ಹಿಂಡು ನಮ್ಮ ಸಮುದ್ರಕ್ಕೆ ಬಂದಿದೆ, ನಾವಿರುವ ಕಡೆ ಮಳೆ ಬಿಟ್ಟೂಬಿಡದೆ ಹೊಡೆದಿದೆ, ಮೇಲಿನ ನೀರು ಸಪ್ಪಗಾಗಿ ಅದರ ಮೇಲೆ ಮತ್ತೆ ಬಿಸಿಲು ಬಿದ್ದು ಕಾದಿದೆ, ಪಶ್ಚಿಮಕ್ಕೆ ಒಂದು ವಾಯುಭಾರ ಕುಸಿತ ಹೊರಡುವ ಲಕ್ಷಣವಿದೆ ಎಂದಳು. ಬರೀ ಉಪ್ಪು ನೋಡಿ ಹೇಳುತ್ತಿಲ್ಲ, ಗಾಳಿ, ಮೋಡದ ಚಿತ್ರ ಎಲ್ಲ ಸೇರಿಸಿ ಹೇಳುತ್ತಿದ್ದೇನೆ, ನೂರಕ್ಕೆ ನೂರು ಅಲ್ಲ, ಆದರೂ ವಾರದೊಳಗೆ ಕೊಯ್ದುಬಿಡಿ, ಊರಿಗೆಲ್ಲ ಹೇಳಿ ಎಂದಳು. ರಜೆ ಹಾಕಿ ಬೈಕಿನಲ್ಲಿ ಎಮ್ಮಿಗನೂರಿಗೆ ಹೋಗಿ ಅಕ್ಕನಿಗೆ ಕೇಳಿಸಿದೆ.

ಊರಿಗೆಲ್ಲ ಹೇಳಿ ಎಂದಿದ್ದಳಲ್ಲ. ಅಕ್ಕ ಏನು ಮಾಡಿದಳು ಗೊತ್ತೇ? ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೊಟ್ರಯ್ಯನ ಗಿರಣಿಗೆ ಹೋದಳು. ಅವನೊಬ್ಬನಿಗೇ ಹೇಳಿದಳು. ಹಡೆದ ಸುದ್ದಿಯಿರಲಿ, ಸತ್ತ ಸುದ್ದಿಯಿರಲಿ, ಮೊದಲು ಸಾವ್ಕಾರರ ಕಟ್ಟೆಗೆ ಮುಟ್ಟಿಸಿ ಬರುವುದು ನಮ್ಮ ಕೇರಿಯವರ ರಕ್ತದಲ್ಲೇ ಬಂದ ಚಾಳಿ. ಜೊತೆಗೆ ಅವನು ಕೊಯ್ದರೆ ತಾನೇ ಇವಳಿಗೆ ದಾರಿ? ಸುದ್ದಿ ಕೊಟ್ಟ ಉಪಕಾರಕ್ಕೆ ಸರತಿ ಗಟ್ಟಿಯಾಗುತ್ತದೆ ಎಂದು ನಂಬಿದ್ದಳು, ಪಾಪ.

ಕೊಟ್ರಯ್ಯ ಕೆಟ್ಟ ಮಾತಾಡುವ ಮನುಷ್ಯನಲ್ಲ. ಬೈದು ಗೊತ್ತಿಲ್ಲ, ಕೂಲಿ ತಡ ಮಾಡಿದ್ದಿಲ್ಲ, ಎಲ್ಲರಿಗೂ ‘ಅವ್ವಾ’ ಅನ್ನುತ್ತಾನೆ. ನನ್ನ ಹೊಟ್ಟೆ ಹೆಚ್ಚು ಉರಿಯುವುದೇ ಅದಕ್ಕೆ. ಗಿರಣಿಯಲ್ಲಿದ್ದ ನಾಲ್ಕು ಜನರೆದುರು ಅವನು ನಕ್ಕನಂತೆ. ಇಷ್ಟು ಬಿಸಿಲಲ್ಲಿ ಎಲ್ಲಿಯ ಮಳೆ, ಕಡಲು ಸಪ್ಪಗಾದರೆ ಎಮ್ಮಿಗನೂರಿನಲ್ಲಿ ಕೊಡೆ ಹಿಡಿಯಬೇಕೇನವ್ವ ಎಂದನಂತೆ. ಎಲ್ಲರೂ ನಕ್ಕರಂತೆ. ಅಕ್ಕನೂ ನಕ್ಕು ಬಂದಳಂತೆ! ಇದನ್ನು ಕೇಳಿ ನನ್ನ ತಲೆ ಕೆಟ್ಟು ಮೊಸರಾಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಕೊಟ್ರಯ್ಯನ ಗದ್ದೆಗೆ ಯಂತ್ರ ಇಳಿದಿತ್ತು. ಅಕ್ಕನ ಮುಖ ಅರಳಿತು. ನೋಡು ತಮ್ಮಾ, ಬಾಯಲ್ಲಿ ನಕ್ಕರೂ ಮಾತು ಕಿವಿಗೆ ಹಾಕಿಕೊಂಡಿದ್ದಾರೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಅವನ ಗದ್ದೆ ಮುಗಿಯಿತು. ಅಕ್ಕ ಬದುವಿನ ಮೇಲೆ ಚೀಲ ಜೋಡಿಸಿಟ್ಟು, ಯಂತ್ರದ ಡ್ರೈವರಿಗೆಂದು ಚಹಾದ ಫ್ಲಾಸ್ಕು ಹಿಡಿದು ನಿಂತಿದ್ದಳು. ಯಂತ್ರ ನಮ್ಮ ಬದುವಿನ ತನಕ ಬಂತು. ಅಲ್ಲಿಂದ ತಿರುಗಿ ರಸ್ತೆಗೆ ಹತ್ತಿತು.

ಓಡಿಹೋಗಿ ಡ್ರೈವರನನ್ನು ತಡೆದೆ. ಸಾವ್ಕಾರರು ಹೊಳೆದಂಡೆಯ ಗದ್ದೆಗೆ ಹೋಗು ಅಂದಿದ್ದಾರೆ, ಅದಾದ ಮೇಲೆ ಅವರ ಭಾಮೈದನದು, ನನಗೇನು ಗೊತ್ತು ಎಂದ. ಅವನನ್ನು ಬೈದು ಏನು ಫಲ? ಬೈಕು ಹತ್ತಿ ಗಿರಣಿಗೆ ಹೋದೆ. ಕೊಟ್ರಯ್ಯ ನನಗೆ ಕುರ್ಚಿ ಹಾಕಿಸಿದ. ಕೂರಲಿಲ್ಲ.

“ಸರತಿ ಮುರಿದೀರಿ ಸಾವ್ಕಾರ್ರ. ಹೊತ್ತು ಮುಣುಗೋದ್ರಾಗ ಆಗೋ ಕೆಲಸ ಇತ್ತು,” ಎಂದೆ.

“ಎರಡೆಕರೆ ಅಲ್ಲೇನೋ ದುರುಗೇಶಾ, ಎಲ್ಲಿ ಓಡಿ ಹೊಕ್ಕೈತಿ? ನಾಳಿಲ್ಲ ನಾಡಿದ್ದು ಕಳಸ್ತೀನಿ. ಹೆಂಗೂ ಮಳಿ ಬರಂಗಿಲ್ಲಲ್ಲ,” ಎಂದು ಮತ್ತೆ ನಕ್ಕ.

ಮಳೆ ಬರುವುದಿಲ್ಲ ಎಂದು ನಂಬಿದವನು ನಾಲ್ಕು ಕಡೆಯ ಗದ್ದೆಯನ್ನು ಬೆನ್ನು ಬೆನ್ನಿಗೆ ಯಾಕೆ ಕೊಯ್ಯಿಸುತ್ತಾನೆ? ಗಿರಣಿಯಂಗಳದಲ್ಲಿ ಮಳೆಗೆ ಭತ್ತ ಮುಚ್ಚುವ ಹೊಸ ತಾಡಪತ್ರಿಗಳ ರಾಶಿ ಬಿದ್ದಿತ್ತು. ನನ್ನ ಅಕ್ಕನ ಮಗಳು ಕಡಲಿನ ನಡುವೆ ನಿದ್ದೆಗೆಟ್ಟು ಕಂಡುಕೊಂಡದ್ದನ್ನು ಇವನು ಬಾಯಲ್ಲಿ ಗೇಲಿ ಮಾಡಿ, ಕೈಯಲ್ಲಿ ಬಾಚಿಕೊಂಡಿದ್ದ. ಬಾಯಿಗೆ ಬಂದ ಹಾಗೆ ಬೈದೆ. ಗಿರಣಿಯ ಸದ್ದಿನಲ್ಲಿ ಅದು ಅವನಿಗೂ ಪೂರ್ತಿ ಕೇಳಿಸಲಿಲ್ಲ.

ಅವನ ನಾಡಿದ್ದು ಬರುವ ಮೊದಲು ಮಳೆ ಬಂತು. ಮೊದಲು ಗಾಳಿ ಎದ್ದು ಭತ್ತವನ್ನು ಮಲಗಿಸಿತು, ಆಮೇಲೆ ಹಿಡಿದ ಮಳೆ ಬಿಡಲಿಲ್ಲ. ನೆಲ ಕೆಸರಾಗಿ ಯಂತ್ರ ಇಳಿಯದಂತಾಯಿತು. ನೀರಲ್ಲಿ ಬಿದ್ದ ತೆನೆ ಗದ್ದೆಯಲ್ಲೇ ಮೊಳಕೆ ಒಡೆಯಿತು. ಅಕ್ಕ ಮೊಣಕಾಲುದ್ದ ನೀರಲ್ಲಿ ನಿಂತು ಒಂದೊಂದೇ ತೆನೆ ಎತ್ತಿ ನೋಡಿ ಕೆಳಗೆ ಬಿಡುತ್ತಿದ್ದಳು. ಅಳಲೂ ಇಲ್ಲ, ಬೈಯಲೂ ಇಲ್ಲ. ನಾನು ಬದುವಿನ ಮೇಲೆ ನಿಂತು ಅವಳ ಪರವಾಗಿ ಮಳೆಯನ್ನೂ ಕೊಟ್ರಯ್ಯನನ್ನೂ ಒಟ್ಟಿಗೇ ಬೈದೆ. ಕೊನೆಗೆ ಮನೆಗೆ ಬಂದದ್ದು ಕೋಳಿಗೆ ಹಾಕುವಂಥ ನಾಲ್ಕು ಚೀಲ ಮುಗ್ಗಲು ಭತ್ತ.

ಬಿಸಿಲು ಬಿದ್ದ ಮೇಲೆ ಕೊಟ್ರಯ್ಯನ ಆಳು ಒಂದು ಚೀಲ ಅಕ್ಕಿ ಹೊತ್ತು ತಂದ. ಪಾಯಸಕ್ಕೆ ಅಂತ ಸಾವ್ಕಾರರು ಕೊಟ್ಟಿದ್ದಾರೆ, ಮಗಳು ಭಾಳ ಶ್ಯಾಣ್ಯಾಳು ಅಂತ ಹೇಳಲು ಹೇಳಿದ್ದಾರೆ ಎಂದ. ಮೈಯೆಲ್ಲ ಉರಿದು ಚೀಲ ಒದೆಯಲು ಕಾಲೆತ್ತಿದೆ. ಅಕ್ಕ ತಡೆದಳು.

“ಅಕ್ಕಿ ಏನ್ ಮಾಡೈತಿ, ಒದಿಬ್ಯಾಡ,” ಎಂದಳು. ಆಮೇಲೆ ಆಳಿನ ಕಡೆ ತಿರುಗಿ, “ಇದು ನಾನು ಬೆಳೆದದ್ದಲ್ಲಪ್ಪ. ವಾಪಸ್ ಒಯ್ಯಿ,” ಎಂದಳು. ಅವಳ ಧ್ವನಿ ಏರಲಿಲ್ಲ, ಆದರೆ ನಲವತ್ತು ವರ್ಷದಲ್ಲಿ ಆ ಮನೆಯಿಂದ ಬಂದದ್ದನ್ನು ಅವಳು ತಿರುಗಿಸಿ ಕಳಿಸಿದ್ದು ಅದೇ ಮೊದಲು. ನನಗೆ ಸ್ವಲ್ಪ ಗಾಬರಿಯೇ ಆಯಿತು.

ಹಡಗಿನಿಂದಿಳಿದು ಊರಿಗೆ ಬಂದ ಸುಧಾರಾಣಿ ಅವ್ವನನ್ನು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳದು ನನ್ನದೇ ಸಿಟ್ಟು, ಗೊತ್ತಾಯಿತು.

“ಊರಿಗೆ ಹೇಳು ಅಂದ್ರ ಅವ್ನೊಬ್ನಿಗೆ ಯಾಕ ಹೇಳಿದಿ ಅವ್ವ? ನಾ ಅಳೆಯೋ ಉಪ್ಪು ಅವ್ನ ಮನಿ ಡಬ್ಬಿದಲ್ಲ,” ಎಂದು ರೇಗಿದಳು.

ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮುಂದಿನ ಸಲ ಅವನು ಕೇಳಿದರೆ ಮಳೆ ಇಲ್ಲ ಅಂತ ಸುಳ್ಳು ಹೇಳಿಬಿಡೋಣ, ಅವನ ಭತ್ತವೂ ಒಂದು ಸಲ ಮೊಳಕೆ ಒಡೆಯಲಿ ಎಂದು ನಾನು ನಡುವೆ ಬಾಯಿ ಹಾಕಿದೆ. ತಾಯಿ ಮಗಳು ಇಬ್ಬರೂ ನನ್ನನ್ನು ಹುಳ ನೋಡಿದ ಹಾಗೆ ನೋಡಿದರು. ಭಾನುವಾರ ಭವನದಲ್ಲಿ ಕೂತು ಸುಳ್ಳಾಡುವುದಿಲ್ಲ ಎಂದು ಪಂಚಶೀಲ ಹೇಳುತ್ತೇವಲ್ಲ, ಅದು ಬಾಯಿಪಾಠಕ್ಕೇನು ಎಂದು ಅಕ್ಕ ಕೇಳಿದಳು. ಒಂದು ಸುಳ್ಳು ಹೇಳಿದರೆ ಆಮೇಲೆ ನನ್ನ ಲೆಕ್ಕವನ್ನು ಯಾರೂ ನಂಬುವುದಿಲ್ಲ ಮಾಮ ಎಂದು ಮಗಳು ಸೇರಿಸಿದಳು. ಇಂಥ ಸತ್ಯವಂತರ ನಡುವೆ ಹುಟ್ಟಿದ್ದೇ ನನ್ನ ಕರ್ಮ.

ಎರಡನೇ ಬೆಳೆಗೂ ಕಾಲುವೆಗೆ ನೀರು ಬಂತು. ಅಕ್ಕ ಅದೇ ಹೊಲದಲ್ಲಿ ಮತ್ತೆ ನಾಟಿ ಹಾಕಿದಳು. ಈ ಸಲ ಬುದ್ಧ ಪೂರ್ಣಿಮೆಗೆ ಪಾಯಸ ಎಂದಳು. ಬೇಸಿಗೆ ಏರಿ ಭತ್ತ ಬಣ್ಣ ತಿರುಗಿದಾಗ ಸುಧಾರಾಣಿಯ ಫೋನು ಬಂತು. ಅವಳು ಆಫೀಸಿನಲ್ಲೇ ಕೂತು ಕಡಲಲ್ಲಿ ತೇಲಿಬಿಟ್ಟ ಯಂತ್ರಗಳು ಕಳಿಸುವ ಅಂಕಿ ನೋಡುತ್ತಿದ್ದಳು. ಮತ್ತೊಂದು ಹಿಂಡು ಬಂದಿದೆ, ಅಂಡಮಾನಿನ ಕಡೆ ಮೇಲಿನ ನೀರಿನ ಉಪ್ಪು ಇಳಿದಿದೆ, ಕಡಲು ಕಾದು ಕೂತಿದೆ. ಹಿಂಡು ದಾಟಿದ ಮೇಲೆ ಒಣ ಹವೆ ಸಿಗುತ್ತದೆ, ಬಡಿಯುವುದಕ್ಕೆ, ಒಣಗಿಸುವುದಕ್ಕೆ ಆಗ ಸಮಯವಿದೆ, ಕೊಯ್ಯುವುದು ಮಾತ್ರ ಈಗಲೇ ಆಗಲಿ ಎಂದಳು.

ಅಕ್ಕ ಗಿರಣಿಯ ಕಡೆ ಹೋಗಲಿಲ್ಲ. ನಾಟಿ ಹೆಂಗಸರ ಗುಂಪನ್ನು ನಡೆಸುವ, ತಾನೂ ಒಂದು ಹೊಲ ಪಾಲಿಗೆ ಮಾಡಿದ್ದ ಹಂಪಕ್ಕನ ಮನೆಗೆ ಹೋದಳು. ಹಂಪಕ್ಕನ ಬಾಯಿ ಎಂದರೆ ಮೈಕೇ ಬೇಡ. ಕತ್ತಲಾಗುವುದರೊಳಗೆ ಹಿಂದಿನ ಹೊಲದವರಿಗೆಲ್ಲ, ಪಾಲಿಗೆ ಮಾಡಿದವರಿಗೆಲ್ಲ ಸುದ್ದಿ ಮುಟ್ಟಿತು. ಯಂತ್ರಕ್ಕೆ ಕಾಯುವುದು ಬೇಡ, ಮುಯ್ಯಾಳು ಮಾಡೋಣ ಎಂದು ಅಕ್ಕ ಹೇಳಿದಳಂತೆ. ಮುಯ್ಯಾಳು ಎಂದರೆ ಇವತ್ತು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ, ಕೂಲಿಯ ಮಾತಿಲ್ಲ. ಯಂತ್ರ ಬಂದ ಮೇಲೆ ಸತ್ತೇಹೋಗಿದ್ದ ಪದ್ಧತಿ. ಹೆಂಗಸರು ಸೂರು ಕೆದಕಿ ತುಕ್ಕು ಹಿಡಿದ ಕುಡುಗೋಲು ತೆಗೆದರು, ಬಂಡೆಗೆ ಉಜ್ಜಿ ಮಸೆದರು.

ಅವರು ಒಂದೊಂದೇ ಹಿಂದಿನ ಹೊಲ ಮುಗಿಸಿಕೊಂಡು ಬಂದರು. ತೆನೆ ಒಳಗೆ, ಬುಡ ಹೊರಗೆ ಇಟ್ಟು ಬಣವೆ ಒಟ್ಟಿದರು. ಹಾಗೆ ಒಟ್ಟಿದರೆ ಮಳೆ ಹೊಡೆದರೂ ಕಾಳಿಗೆ ನೀರು ತಾಗುವುದಿಲ್ಲ. ಅಕ್ಕನ ಹೊಲದ ಸರತಿ ಬಂದ ದಿನ ನಾನೂ ರಜೆ ಹಾಕಿ ಹೋಗಿ ಕೊಯ್ದು ಕಟ್ಟಿದ ಭತ್ತದ ಸಿವುಡು ಹೊತ್ತೆ. ಕ್ರೇನಿನ ಲಿವರ್ ಹಿಡಿದ ಕೈ, ಮಧ್ಯಾಹ್ನಕ್ಕೇ ಬೊಬ್ಬೆ ಎದ್ದವು. ಹಂಪಕ್ಕ ಎಲ್ಲರೆದುರು ನನ್ನನ್ನು ಆಡಿಕೊಂಡಳು.

ಸಂಜೆ ಮುಂದಾಗಿ ಕಾಲುವೆ ರಸ್ತೆಯಲ್ಲಿ ಕೊಟ್ರಯ್ಯನ ಬೈಕು ನಿಂತಿತು. ಅವನ ಗದ್ದೆಯ ಭತ್ತ ನಮಗೂ ರಸ್ತೆಗೂ ನಡುವೆ ಹಾಗೇ ನಿಂತಿತ್ತು. ಹೆಂಗಸರ ಗುಂಪು ಕುಡುಗೋಲು ಹಿಡಿದದ್ದು ಅವನ ಕಣ್ಣಿಗೆ ಬಿದ್ದಿರಬೇಕು. ಬದುವಿನ ಮೇಲೆ ನಡೆದುಕೊಂಡು ನಮ್ಮ ಹೊಲದ ತನಕ ಬಂದ.

“ಏನವ್ವಾ ಯಮನಮ್ಮ, ಇಷ್ಟ್ ಜಲ್ದಿ? ಮಗಳು ಏನಾರ ಹೇಳ್ಯಾಳೇನು?”

“ಹೇಳ್ಯಾಳ್ರಿ.”

“ಏನಂದ್ಲು?”

ಅಕ್ಕ ಸೊಂಟ ನೆಟ್ಟಗೆ ಮಾಡಿದಳು. “ಕುಂದ್ರಿ, ಹೇಳ್ತೀನಿ. ಸುಳ್ಳು ಹೇಳಂಗಿಲ್ಲ. ಆದ್ರ ಸುದ್ದಿಗೂ ಸರತಿ ಐತ್ರಿ ಸಾವ್ಕಾರ್ರ. ಈ ಸಲ ಹಿಂದಿನ ಹೊಲದಿಂದ ಶುರು ಮಾಡೇವಿ.”

ಹೆಂಗಸರ ಕೈ ನಿಂತವು. ಕೊಟ್ರಯ್ಯ ಸುತ್ತ ನೋಡಿದ, ಯಾರೂ ನಗಲಿಲ್ಲ. ಬದುವಿನ ಮೇಲೆ ಪಂಚೆ ಮಡಚಿಕೊಂಡು ಕೂತ. ನನ್ನ ಅಕ್ಕನಿಗಾಗಿ ಅವನು ಕಾದು ಕೂತದ್ದನ್ನು ನಾನು ಕಂಡದ್ದು ಅವತ್ತೇ. ಕೊನೆಯ ಸಿವುಡು ಬಣವೆಗೆ ಏರಿದ ಮೇಲೆ ಅಕ್ಕ ಅವನೆದುರು ನಿಂತು ಮಗಳು ಹೇಳಿದ್ದನ್ನೆಲ್ಲ ಹೇಳಿದಳು. ಹಿಂಡು ಬಂದದ್ದು, ಕಡಲು ಸಪ್ಪಗಾದದ್ದು, ನೂರಕ್ಕೆ ನೂರು ಅಲ್ಲ ಅಂದದ್ದು, ಒಂದನ್ನೂ ಬಿಡಲಿಲ್ಲ. ನಾನಾಗಿದ್ದರೆ ಅರ್ಧವಾದರೂ ನುಂಗುತ್ತಿದ್ದೆ.

ಕೊಟ್ರಯ್ಯ ಅಲ್ಲಿಂದಲೇ ಯಂತ್ರದವನಿಗೆ ಫೋನು ಹಚ್ಚಿದ. ಯಂತ್ರ ಗಂಗಾವತಿ ಕಡೆ ಹೋಗಿತ್ತು, ವಾರ ಬಿಟ್ಟು ನೋಡೋಣ ಎಂದರು. ಫೋನು ಜೇಬಿಗಿಟ್ಟು ಹಂಪಕ್ಕನ ಕಡೆ, ಆಮೇಲೆ ಅಕ್ಕನ ಕಡೆ ನೋಡಿದ. ನಾಳೆ ಗುಂಪು ಕರಕೊಂಡು ನನ್ನ ಗದ್ದೆಗೆ ಬಾ ಯಮನಮ್ಮ, ಕೂಲಿ ಎರಡು ಪಟ್ಟು ಮಾಡಿ ಕೊಡುತ್ತೇನೆ ಎಂದ.

“ಇದು ಕೂಲಿ ಅಲ್ರಿ, ಮುಯ್ಯಾಳು,” ಎಂದಳು ಅಕ್ಕ. “ನಮ್ಮ ಹೊಲಕ್ಕ ಬಂದು ಕೊಯ್ದವ್ರ ಹೊಲಕ್ಕ ನಾವು ಹೋಗ್ತೀವಿ. ನಾಳೆ ಹಂಪಕ್ಕಂದು ಐತಿ. ಬರ್ರಿ.”

ತನ್ನ ಕುಡುಗೋಲನ್ನು ತಿರುಗಿಸಿ, ಹಿಡಿ ಅವನ ಕಡೆ ಮಾಡಿ ಚಾಚಿದಳು. ಕೊಟ್ರಯ್ಯ ಅದನ್ನೇ ನೋಡಿದ. ನಗಲು ಹೊರಟು ಅರ್ಧಕ್ಕೇ ಬಿಟ್ಟ.

“ನಾನು ಕುಡುಗೋಲು ಹಿಡಿಯೋದೇನವ್ವಾ?”

“ನಲವತ್ ವರ್ಷ ನಾ ಹಿಡಿದೀನ್ರಿ,” ಎಂದಳು ನನ್ನ ಅಕ್ಕ. “ಭಾರ ಇಲ್ಲ, ತಗೋರಿ.”